ಡ್ಯೂಟಿ ಮುಗಿದ ಮೇಲೆ – 23: ಮೇಜಿಗೊಂದು ಸ್ವಿಚ್ ಬೋರ್ಡ್



ಹೋದ ಶುಕ್ರವಾರ ನಮ್ಮ ಮೇಜಿನ ಫೋಟೋ ಹಾಕಿದ್ದೇ ತಡ, ಅರ್ಧ ಸಾಗರ ಪೇಟೆ ಫೋನ್ ಮಾಡಿತು. ‘ಏನೇ ಅದು, ಮಗನಿಗೆ ವಿಮಾನ ಓಡಿಸೋ ಆಟದ ಸಾಮಾನಾ?’ ಅಂತ ಹೈಸ್ಕೂಲ್ ಗೆಳತಿ. ‘ಆಸ್ಪತ್ರೆ ಮಷೀನು ಮನೆಗೆ ತಂದ್ಯಾ?’ ಅಂತ ಸೋದರಮಾವ. ಅಮ್ಮ ಮಾತ್ರ ಫೋಟೋ ದೊಡ್ಡದು ಮಾಡಿ ನೋಡಿ, ‘ಆ ಕೆಂಪು ಗುಂಡಿ ಯಾಕೆ ಅಷ್ಟು ದೊಡ್ಡದು?’ ಅಂತ ಕೇಳಿದಳು. ಇರುವ ಪ್ರಶ್ನೆಗಳಲ್ಲಿ ಸರಿಯಾದ ಪ್ರಶ್ನೆ ಅದೇ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಹಾಗಾಗಿ ಈ ವಾರದ ಪೋಸ್ಟೇ ಅದರ ಮೇಲೆ.

ಮೊದಲು ಅದು ಏನು ಅಂತ ಹೇಳಿಬಿಡುತ್ತೇನೆ. ಅದು ಸೋಲ್ಡರಿಂಗ್ ಮಾಡುವ ಮೇಜು. ರಜೆ ಇದ್ದ ದಿನ ನಾನೂ ಮಗನೂ ಕೂತು ಸಣ್ಣಪುಟ್ಟ ಎಲೆಕ್ಟ್ರಾನಿಕ್ಸ್ ಮಾಡುತ್ತೇವೆ: ಎಫ್‌ಎಂ ರೇಡಿಯೋ ಕಿಟ್, ಕತ್ತಲಾದರೆ ತಾನೇ ಹೊತ್ತುವ ದೀಪ, ಗಿಡದ ಮಣ್ಣು ಒಣಗಿದರೆ ಕೂಗುವ ಬಜರ್. ನನಗೆ ಇದು ಹೊಸದಲ್ಲ. ಅಪ್ಪನ ರೇಡಿಯೋ ರಿಪೇರಿ ಅಂಗಡಿ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬಹುದು. ಶಾಲೆ ಬಿಟ್ಟವಳು ಸೀದಾ ಅಲ್ಲಿಗೆ ಹೋಗಿ ರಾಳದ ವಾಸನೆಯಲ್ಲೇ ಹೋಮ್‌ವರ್ಕ್ ಮಾಡಿದವಳು ನಾನು. ರಿಪೇರಿ ಆದ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಸ್ಪಷ್ಟವಾಗಿ ಕೇಳಿದರೆ ಆ ದಿನ ಅಪ್ಪನಿಗೆ ಎರಡನೇ ಕಾಫಿ. ಈಗ ಆ ಅಂಗಡಿ ಇಲ್ಲ. ಸೋಲ್ಡರಿಂಗ್ ಐರನ್ ಹಿಡಿಯುವ ಕೈ ಮಾತ್ರ ಉಳಿದಿದೆ. ಐವಿ ಕ್ಯಾನುಲಾ ಹಾಕುವಾಗ ನನ್ನ ಕೈ ನಡುಗದೆ ಇರುವುದಕ್ಕೆ ಅರ್ಧ ಕಾರಣ ಆ ಅಂಗಡಿಯೇ ಅಂತ ನನ್ನ ನಂಬಿಕೆ.

ಇಲ್ಲಿಯ ಕತೆ ಬೇರೆ. ನಾವಿರುವುದು ಬಾಡಿಗೆ ಫ್ಲಾಟು. ಗೋಡೆ ಕೊರೆದು ಹೊಸ ಲೈನ್ ಎಳೆಯುವ ಹಾಗಿಲ್ಲ. ಮೂಲೆಯಲ್ಲಿ ಇರುವುದೇ ಒಂದು ಸಾಕೆಟ್. ಐರನ್, ದೀಪ, ಪವರ್ ಸಪ್ಲೈ, ಹೊಗೆ ಎಳೆಯುವ ಫ್ಯಾನ್, ನಾಲ್ಕಕ್ಕೂ ಒಂದು ಎಕ್ಸ್‌ಟೆನ್ಷನ್ ಬಾಕ್ಸು ಕಾಲಬುಡದಲ್ಲಿ ಬಿದ್ದಿರುತ್ತಿತ್ತು. ಐರನ್ ಆಫ್ ಮಾಡಬೇಕೆಂದರೆ ಮೇಜಿನಡಿ ತಲೆ ಹಾಕಬೇಕು. ಗೋಡೆಗೆ ಮಾಡಲಾಗದ್ದನ್ನು ಮೇಜಿಗೇ ಮಾಡೋಣ, ಮನೆ ಬದಲಿಸಿದರೆ ಮೇಜಿನ ಜೊತೆ ಬೋರ್ಡೂ ಬರುತ್ತದೆ ಅಂತ ಇವರು ಹೇಳಿದರು. ಯೋಜನೆ ಶುರುವಾಗಿದ್ದು ಹೀಗೆ.

ಮೇಜು ಸಿಕ್ಕಿದ್ದು ನಜ್ಮಾದ ಹರಾಜ್ ಸೂಕ್‌ನಲ್ಲಿ. ಹೆಸರು ನೋಡಿ, ನಮ್ಮ ಹರಾಜೇ! ಹಳೇ ಮಂಚ, ಸೋಫಾ, ಕಪಾಟು ಎಲ್ಲ ಅಲ್ಲಿಗೆ ಬರುತ್ತವೆ. ಊರಿಗೆ ವಾಪಸ್ ಹೊರಟವರ ಸಂಸಾರ ಅಲ್ಲಿ ಇಳಿದು, ಹೊಸದಾಗಿ ಬಂದವರ ಸಂಸಾರ ಅಲ್ಲಿಂದ ಏರುತ್ತದೆ. ಗಟ್ಟಿ ಮರದ ಒಂದು ಆಫೀಸ್ ಮೇಜು 90 ರಿಯಾಲಿಗೆ ಬಂತು. ಅಲ್ಲೇ ಇದ್ದ ಬಾಂಗ್ಲಾದೇಶದ ಬಡಗಿಯೊಬ್ಬರು ಮುಂಭಾಗದ ಹಲಗೆಯಲ್ಲಿ ಎರಡಡಿ ಉದ್ದ, ಒಂದು ಗೇಣು ಎತ್ತರದ ಕಿಂಡಿ ಕೊಯ್ದು ಕೊಟ್ಟರು. ‘ಬೆಹನ್‌ಜೀ, ಇದರಲ್ಲಿ ಟಿವಿ ಇಡ್ತೀರಾ?’ ಅಂತ ಹಿಂದಿಯಲ್ಲಿ ಕೇಳಿದರು. ಸ್ವಿಚ್ ಅಂದಾಗ ಯಾಕೋ ನಂಬಿದ ಹಾಗೆ ಕಾಣಲಿಲ್ಲ.

ಬೋರ್ಡಿನ ನಕ್ಷೆ ಎಲ್ಲಿಂದ ಬಂತು ಗೊತ್ತಾ? ವಾರ್ಡಿನಿಂದ. ಆಸ್ಪತ್ರೆಯಲ್ಲಿ ಪ್ರತಿ ಹಾಸಿಗೆಯ ತಲೆಯ ಹಿಂದೆ ಗೋಡೆಗೆ ಒಂದು ಉದ್ದ ಪ್ಯಾನೆಲ್ ಇರುತ್ತದೆ. ಆಕ್ಸಿಜನ್, ಸಕ್ಷನ್, ಸಾಕೆಟ್‌ಗಳು, ದೀಪದ ಸ್ವಿಚ್, ನರ್ಸನ್ನು ಕರೆಯುವ ಗುಂಡಿ, ಎಲ್ಲ ಅದರಲ್ಲಿ. ಹತ್ತು ಹಾಸಿಗೆ ಇದ್ದರೆ ಹತ್ತೂ ಒಂದೇ ಥರ. ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರು ಕೆಟ್ಟಾಗ ನಾನು ಪ್ಯಾನೆಲ್ ನೋಡುವುದಿಲ್ಲ, ರೋಗಿಯ ಮುಖ ನೋಡುತ್ತೇನೆ. ಕೈ ತಾನೇ ಹೋಗುತ್ತದೆ. ಕರೆಂಟ್ ಹೋದರೂ ಜನರೇಟರಿನಿಂದ ನಡೆಯುವ ಸಾಕೆಟ್‌ಗಳಿಗೆ ಬೇರೆ ಬಣ್ಣ. ವೆಂಟಿಲೇಟರ್ ಅದಕ್ಕೇ ಹಾಕಬೇಕು, ಮೊಬೈಲ್ ಚಾರ್ಜರ್ ಅದಕ್ಕೆ ಹಾಕಿದರೆ ಸಿಸ್ಟರ್ ಇನ್‌ಚಾರ್ಜ್ ಕೈಯಲ್ಲಿ ಬೈಗುಳ. ಯಾವುದು ಎಲ್ಲಿರಬೇಕು ಅಂತ ಯಾರೋ ಪುಣ್ಯಾತ್ಮರು ಕೂತು ಯೋಚಿಸಿದ್ದಾರೆ. ಅದೇ ಯೋಚನೆ ಮೇಜಿಗೂ ಮಾಡಿದೆವು.

ಒಂದನೇ ತೀರ್ಮಾನ: ಸ್ವಿಚ್‌ಗಳು ಮೇಜಿನ ಮೇಲಲ್ಲ, ಮುಂಭಾಗದ ನೆಟ್ಟಗಿನ ಹಲಗೆಯಲ್ಲಿ. ಮೇಲಿದ್ದರೆ ಸೀಸದ ಚೂರು, ಕತ್ತರಿಸಿದ ತಂತಿ ತುಂಡು, ಒಂದಲ್ಲ ಒಂದು ದಿನ ಚಹಾ, ಎಲ್ಲ ಅದರೊಳಗೆ ಇಳಿಯುತ್ತವೆ.

ಎರಡನೆಯದು: ಎಡಗಡೆ 240 ವೋಲ್ಟ್, ಬಲಗಡೆ ಸಣ್ಣ ವೋಲ್ಟೇಜು. ಐದು, ಹನ್ನೆರಡು, ಮತ್ತೆ ಸೊನ್ನೆಯಿಂದ ಮೂವತ್ತರವರೆಗೆ ಬೇಕಾದಷ್ಟು ತಿರುಗಿಸಿಕೊಳ್ಳುವ ಸಪ್ಲೈ. ಮಗ ಸರ್ಕ್ಯೂಟ್ ಜೋಡಿಸುವಾಗ ಕೈ ಹಾಕುವುದು ಬಲಗಡೆ ಮಾತ್ರ. ಎಡಗಡೆಯ ತಂತಿಗಳೆಲ್ಲ ಸ್ಕ್ರೂ ಹಾಕಿ ಮುಚ್ಚಿದ ಡಬ್ಬಿಯೊಳಗೆ. ಎರಡರ ನಡುವೆ ಒಂದು ಅಡ್ಡಹಲಗೆ, ಒಳಗೆ ಒಂದರ ತಂತಿ ಇನ್ನೊಂದಕ್ಕೆ ತಾಗಲು ದಾರಿಯೇ ಇಲ್ಲ.

ಮೂರನೆಯದು: ಕೆಳಗೆ ಒತ್ತಿದರೆ ಆನ್. ನಮ್ಮೂರಲ್ಲೂ ಹಾಗೇ, ಇಲ್ಲಿಯೂ ಹಾಗೇ, ಬ್ರಿಟಿಷರು ಬಿಟ್ಟುಹೋದ ಅಭ್ಯಾಸ. ಅಮೆರಿಕದಲ್ಲಿ ಇದು ಉಲ್ಟಾ, ಮೇಲೆ ಒತ್ತಿದರೆ ಆನ್. ಸ್ವಿಚ್ಚನ್ನು ಯಾವ ಕಡೆ ತಿರುಗಿಸಿ ಕೂರಿಸಿದರೂ ಅದು ಕೆಲಸ ಮಾಡುತ್ತದೆ, ಆದರೆ ಗೋಡೆಯ ಸ್ವಿಚ್ಚಿಗೆ ಒಂದು ದಿಕ್ಕು, ಮೇಜಿನದಕ್ಕೆ ಇನ್ನೊಂದು ದಿಕ್ಕು ಆದರೆ ಗಾಬರಿಯಲ್ಲಿ ಕೈ ತಪ್ಪುತ್ತದೆ.

ಸಾಮಾನು ಎರಡು ಊರಿನವು. ಸಣ್ಣ ವೋಲ್ಟೇಜಿನ ಸಾಕೆಟ್, ಮೀಟರ್, ಬಣ್ಣದ ತಂತಿ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯದು. ಹೋದ ರಜೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕ ಸೂಟ್‌ಕೇಸಿನಲ್ಲಿ ಬಂದವು. 240 ವೋಲ್ಟಿನ ಕಡೆಯದ್ದೆಲ್ಲ ಇಲ್ಲಿಯ ಇಂಡಸ್ಟ್ರಿಯಲ್ ಏರಿಯಾದ ಅಂಗಡಿಗಳಲ್ಲಿ ತಗೊಂಡೆವು, ಇಲ್ಲಿಯ ಪ್ಲಗ್ಗೇ ಬೇರೆ ಇರುವುದರಿಂದ. ನಮ್ಮ ಪ್ಲಗ್ಗಿನ ಕಾಲು ಉರುಟು, ಇಲ್ಲಿಯದು ಚಪ್ಪಟೆ. ಇಲ್ಲಿಯ ಪ್ಲಗ್ಗಿನ ಒಳಗೇ ಒಂದು ಸಣ್ಣ ಫ್ಯೂಸ್ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ 13 ಆಂಪಿಯರಿನದು ಬರುತ್ತದೆ. ನಮ್ಮ ಮೇಜಿನ ಲೆಕ್ಕ ಹಾಕಿದೆವು: ಐರನ್ 60 ವ್ಯಾಟ್, ದೀಪ 10, ಫ್ಯಾನ್ 20, ಸಪ್ಲೈ ಹೆಚ್ಚೆಂದರೆ 200. ಒಟ್ಟು 290. 240ರಿಂದ ಭಾಗಿಸಿದರೆ ಒಂದೂಕಾಲು ಆಂಪಿಯರಿನ ಒಳಗೆ. ಹಾಗಾಗಿ 13ರ ಫ್ಯೂಸ್ ತೆಗೆದು 3 ಆಂಪಿಯರಿನದು ಹಾಕಿದೆವು. ಮಗನಿಗೆ ಶಾಲೆಯ ಭಾಗಾಕಾರ ಮೊದಲ ಸಲ ಏನೋ ಕೆಲಸಕ್ಕೆ ಬಂತು.

ಸಾಮಾನು ತರುವ ದಿನ ಅವನಿಗೆ ಮುಶೈರಿಬ್‌ನ ಕಹ್ರಬಾ ಬೀದಿಯನ್ನೂ ತೋರಿಸಿದೆ. ಅರಬ್ಬಿಯಲ್ಲಿ ಕಹ್ರಬಾ ಅಂದರೆ ಕರೆಂಟು. ದೋಹಾದಲ್ಲಿ ಮೊದಲು ಕರೆಂಟ್ ದೀಪ ಹೊತ್ತಿದ ಬೀದಿ ಅಂತ ಆ ಹೆಸರು. ಈಗ ಅಲ್ಲಿ ಕಾಫಿ ಅಂಗಡಿಗಳು, ನಡುವೆ ಟ್ರಾಮ್ ಓಡುತ್ತದೆ. ನಮಗೆ ಬಿಲ್ ಕಳಿಸುವ ಕಹ್ರಮಾ ಸಂಸ್ಥೆಯ ಹೆಸರೂ ಅದರಿಂದಲೇ: ಕಹ್ರಬಾ ಅಂದರೆ ಕರೆಂಟ್, ಮಾ ಅಂದರೆ ನೀರು. ಆ ಪದ ಹುಟ್ಟಿದ್ದು ಪರ್ಷಿಯನ್ ಭಾಷೆಯಲ್ಲಿ, ‘ಹುಲ್ಲುಕಡ್ಡಿ ಎಳೆಯುವುದು’ ಎಂಬ ಅರ್ಥದಲ್ಲಿ. ಅಂಬರ್ ಅನ್ನುವ ಹಳದಿ ರಾಳದ ಕಲ್ಲನ್ನು ಬಟ್ಟೆಗೆ ಉಜ್ಜಿದರೆ ಹುಲ್ಲುಕಡ್ಡಿ ಅಂಟುತ್ತದಲ್ಲ, ಅದಕ್ಕೆ. ಇಂಗ್ಲಿಷಿನ ಎಲೆಕ್ಟ್ರಿಸಿಟಿ ಕೂಡ ಗ್ರೀಕರ ಅದೇ ಕಲ್ಲಿನ ಹೆಸರಿನಿಂದ ಬಂದದ್ದು. ‘ನಮ್ಮೂರಲ್ಲಿ ಮೊದಲು ಕರೆಂಟ್ ಎಲ್ಲಿ ಬಂತು?’ ಅಂತ ಮಗ ಕೇಳಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ, 1948ರಲ್ಲಿ ನಮ್ಮ ಜೋಗದಲ್ಲಿ ಪವರ್ ಹೌಸ್ ಅಂತ ಹೇಳಿದೆ. ಜೋಗ ನಮ್ಮ ತಾಲ್ಲೂಕು ಅಂದಾಗ ಅವನ ಎದೆ ಒಂದಿಂಚು ಉಬ್ಬಿತು.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ.

ಮನೆಯವರಿಗೆಲ್ಲ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಗೆಳೆಯರಿಗಾಗಿ. ನಾನಾಗ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಮಾರ್ಚ್ ತಿಂಗಳು, ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಚಿಕ್ಕಪ್ಪ ಕೆರೆಯ ಹತ್ತಿರ ಪಂಪಿಗೆ ಕೈ ಇಟ್ಟರು. ಅರ್ಥಿಂಗ್ ತಂತಿ ಎಲ್ಲೋ ತುಂಡಾಗಿತ್ತು, ಪಂಪಿನ ಮೈಗೇ ಕರೆಂಟ್ ಬಂದಿತ್ತು, ಕಾಲು ಒದ್ದೆ ನೆಲದಲ್ಲಿತ್ತು. ಕೂಗು ಕೇಳಿ ಚಿಕ್ಕಮ್ಮ ಓಡಿದರು. ಮುಟ್ಟಬಾರದು ಅಂತ ಅವರಿಗೆ ಗೊತ್ತಿತ್ತು, ಆಫ್ ಮಾಡಬೇಕು ಅಂತಲೂ ಗೊತ್ತಿತ್ತು. ಆದರೆ ಸ್ಟಾರ್ಟರ್ ಇದ್ದದ್ದು ಚಿಕ್ಕಪ್ಪನ ಆಚೆ, ಶೆಡ್ಡಿನ ಒಳಗೆ. ಮನೆಯ ಮೇನ್ ಬೋರ್ಡಿನಲ್ಲಿ ಮೂರು ಸ್ವಿಚ್ಚು, ಯಾವುದರ ಮೇಲೂ ಒಂದಕ್ಷರ ಇಲ್ಲ. ವಾಪಸ್ ಮನೆಗೆ ಓಡಿ ಒಂದು ಎಳೆದರು, ಮನೆಯ ದೀಪ ಆರಿತು. ಇನ್ನೊಂದು ಎಳೆದರು, ಅದು ಹಿಟ್ಟಿನ ಗಿರಣಿಯದು. ಅಷ್ಟರಲ್ಲಿ ಪಕ್ಕದ ತೋಟದವರು ಬಂದು ಆಫ್ ಮಾಡಿದರು. ಹೊತ್ತು ಮೀರಿತ್ತು.

ಚಿಕ್ಕಮ್ಮ ಇವತ್ತಿಗೂ ‘ನಂಗೆ ಗೊತ್ತಾಗ್ಲಿಲ್ಲ ಕಣೇ’ ಅನ್ನುತ್ತಾರೆ. ಚಿಕ್ಕಮ್ಮಾ, ಇದನ್ನು ಓದುತ್ತಿದ್ದರೆ ಕೇಳಿ: ಗೊತ್ತಾಗಲು ಅಲ್ಲಿ ಏನೂ ಇರಲಿಲ್ಲ. ಆ ಬೋರ್ಡು ಚಿಕ್ಕಪ್ಪನಿಗೆ ಮಾತ್ರ ಅರ್ಥವಾಗುತ್ತಿತ್ತು. ಅದನ್ನು ಓದಬಲ್ಲ ಒಬ್ಬನೇ ಮನುಷ್ಯ ನೆಲದ ಮೇಲೆ ಬಿದ್ದಿದ್ದ.

ಹನ್ನೆರಡು ವರ್ಷದ ಡ್ಯೂಟಿಯಲ್ಲಿ ನಾನು ಕಲಿತ ದೊಡ್ಡ ಪಾಠವೂ ಇದೇ. ಯಾವುದೇ ಯಂತ್ರದ ಪಕ್ಕದಲ್ಲಿ ಅದನ್ನು ಬಲ್ಲವನೇ ಸದಾ ನಿಂತಿರುತ್ತಾನೆ ಅಂತ ನಂಬಬಾರದು. ಏನೂ ಗೊತ್ತಿಲ್ಲದವರು, ಗಾಬರಿಯಾದವರು, ಅಳುತ್ತಿರುವವರು ಓಡಿ ಬಂದಾಗಲೂ ಅವರಿಗೆ ಒಂದು ಸಾಲಿನಲ್ಲಿ ತಿಳಿಯಬೇಕು. ಕರೆಂಟ್ ಹೊಡೆದು ಹೃದಯದ ಬಡಿತ ತಾಳತಪ್ಪಿ ನಿಂತರೆ, ಎದೆ ಒತ್ತುವುದೂ ಶಾಕ್ ಮಷೀನೂ ಸಿಗದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಸುಮಾರು 7ರಿಂದ 10 ಶೇಕಡಾ ಕಡಿಮೆಯಾಗುತ್ತದೆ. ಆದರೆ ಕರೆಂಟ್ ಆಫ್ ಆಗುವವರೆಗೆ ಯಾರೂ ಎದೆ ಮುಟ್ಟುವ ಹಾಗಿಲ್ಲ. ಸ್ವಿಚ್ ಹುಡುಕುವ ಹೊತ್ತೆಲ್ಲ ಆ ಲೆಕ್ಕದಲ್ಲೇ ಹೋಗುತ್ತದೆ.

ಅದಕ್ಕೇ ಆ ಕೆಂಪು ಗುಂಡಿ ಅಷ್ಟು ದೊಡ್ಡದು, ಅಮ್ಮಾ. ಅಣಬೆಯ ಹಾಗೆ ತಲೆ ಇದೆ, ಅಂಗೈಯಿಂದ, ಮೊಣಕೈಯಿಂದ, ಬೇಕಾದರೆ ಪೊರಕೆಯ ಹಿಡಿಯಿಂದಲೂ ಒತ್ತಬಹುದು. ಒತ್ತಿದರೆ ಹೋಗುವ ತಂತಿ, ಬರುವ ತಂತಿ ಎರಡೂ ಕಡಿದು ಎಡಗಡೆ ಬಲಗಡೆ ಎಲ್ಲವೂ ಸತ್ತ ಹಾಗೆ. ತಿರುಗಿಸಿದರೆ ಮಾತ್ರ ಹೊರಗೆ ಬರುತ್ತದೆ, ಅದಕ್ಕೂ ಮೊದಲು ಉಳಿದ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿಕೊಳ್ಳಬೇಕು. ಅದು ಇರುವುದು ಕೂತವರ ಎದುರು ಅಲ್ಲ, ಮೇಜಿನ ಬಾಗಿಲ ಕಡೆಯ ತುದಿಯಲ್ಲಿ. ಕೂತವರು ಮೇಜಿನ ಮೇಲೇ ಬಿದ್ದರೂ ಬಾಗಿಲಿಂದ ಬಂದವರಿಗೆ ಅಡ್ಡ ಬರಬಾರದಲ್ಲ. ಗುಂಡಿ ಒತ್ತಿದಾಗ ಮೇಜಿನ ದೀಪವೂ ಆರುತ್ತದೆ, ಆದರೆ ಕೋಣೆಯ ದೀಪ ಗೋಡೆಯ ಲೈನಿನಲ್ಲಿದೆ. ಕತ್ತಲಲ್ಲಿ ಎದೆ ಒತ್ತಲಾಗುವುದಿಲ್ಲ. ಹಾಗಾಗಿ ಕೋಣೆಯ ದೀಪ ಹಾಕದೆ ಮೇಜಿಗೆ ಕೂರಬಾರದು ಅಂತ ನಿಯಮ.

ಒಳಗೆ ಒಂದು ಆರ್‌ಸಿಸಿಬಿಯೂ ಇದೆ, 30 ಮಿಲಿ ಆಂಪಿಯರಿನದು. ಅದರ ಕೆಲಸ ಮಗನಿಗೆ ಹೀಗೆ ಹೇಳಿದೆ: ಬೆಳಿಗ್ಗೆ ಮೇಯಲು ಬಿಟ್ಟ ದನಗಳನ್ನು ಅಜ್ಜಿ ಸಂಜೆ ಕೊಟ್ಟಿಗೆಯಲ್ಲಿ ಎಣಿಸುತ್ತಿದ್ದಳಲ್ಲ, ಹಾಗೆ ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ಅದು ಎಣಿಸುತ್ತದೆ. ಸ್ವಲ್ಪ ಕಡಿಮೆಯಾದರೂ ಯಾರದೋ ಮೈ ಮೂಲಕ ನೆಲಕ್ಕೆ ಇಳಿಯುತ್ತಿರಬಹುದು ಅಂತ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ಚಿಕ್ಕಪ್ಪನ ಪಂಪಿನ ಲೈನಿನಲ್ಲಿ ಅಂಥದ್ದು ಇರಲಿಲ್ಲ. ಆದರೆ ಇದನ್ನೂ ಹೇಳಬೇಕು: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ಗೊತ್ತಾಗುವುದಿಲ್ಲ. ದನಗಳೆಲ್ಲ ವಾಪಸ್ ಬಂದವು ಅಂತಲೇ ಅದರ ಲೆಕ್ಕ. ಅದಕ್ಕೇ ಆರ್‌ಸಿಸಿಬಿ ಇದ್ದರೂ ಮುಚ್ಚಿದ ಡಬ್ಬಿ ಬೇಕು, ಕೆಂಪು ಗುಂಡಿಯೂ ಬೇಕು.

ವೈರಿಂಗ್ ಎಲ್ಲ ಆದಮೇಲೆ ಪ್ಲಗ್ ಹಾಕುವ ಮೊದಲು ನಮ್ಮ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಅವರನ್ನು ಕರೆದೆವು. ಕುಂದಾಪ್ರದ ಕಡೆಯವರು. ಬಂದವರೇ, ‘ಹ್ವಾಯ್ ಸಿಸ್ಟರೇ, ಅರ್ಥಿಂಗ್ ಎಲ್ ಕೊಟ್ಟಿದ್ರಿ, ಮೊದ್ಲ್ ತೋರ್ಸಿ ಕಾಂಬ’ ಅಂದರು. ಮುಂದಿನ ಅಲ್ಯೂಮಿನಿಯಂ ತಗಡಿಗೆ ಹಸಿರು-ಹಳದಿ ತಂತಿ ಬೋಲ್ಟ್ ಹಾಕಿ ಬಿಗಿದಿದ್ದನ್ನು ಎಳೆದು ನೋಡಿದರು. ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡಿದರು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಟಪ್ ಅಂತ ಬಿದ್ದಿದ್ದನ್ನು ನೋಡಿದರು. ‘ತಿಂಗ್ಳಿಗ್ ಒಂದ್ ಸಲ ಇದನ್ನ್ ಒತ್ತಿ’ ಅಂತ ಹೇಳಿ, ನೀರ್‌ದೋಸೆ ತಿಂದು ಹೋದರು. ದುಡ್ಡು ಮುಟ್ಟಲಿಲ್ಲ.

ಹೆಸರು ಬರೆಯುವ ಕೆಲಸ ಮಗನದು. ಅವನ ಕನ್ನಡ ಅಕ್ಷರ ಸ್ವಲ್ಪ ಸೊಟ್ಟ, ಆದರೂ ಕನ್ನಡದಲ್ಲೇ ಬರೆಸಿದೆ: ಬೆಸುಗೆ, ದೀಪ, ಹೊಗೆ ಫ್ಯಾನ್, ಸಪ್ಲೈ. ಕೆಳಗೆ ಸಣ್ಣದಾಗಿ ಇಂಗ್ಲಿಷ್, ಯಾಕೆಂದರೆ ಪಕ್ಕದ ಫ್ಲಾಟಿನ ನರ್ಸ್ ಫಿಲಿಪೀನ್ಸಿನವರು, ಮೊದಲು ಓಡಿ ಬರುವವರು ಅವರೇ ಆಗಿರಬಹುದು. ಕೆಂಪು ಗುಂಡಿಗೆ ಏನು ಬರೆಯೋಣ ಅಂದೆ. ‘ತುರ್ತು ನಿಲುಗಡೆ’ ಅಂತ ಇವರು ಹೇಳಿದರು. ಮಗ ಸ್ವಲ್ಪ ಯೋಚಿಸಿ, ‘ಮೊದಲು ಇದು’ ಅಂತ ಬರೆದ. ನನ್ನ ವಾರ್ಡಿನಲ್ಲೂ ಅಷ್ಟು ಚೆಂದದ ಲೇಬಲ್ ಇಲ್ಲ.

ಆಮೇಲೆ ಒಂದು ಅಭ್ಯಾಸ ಮಾಡಿದೆವು, ಆಸ್ಪತ್ರೆಯಲ್ಲಿ ಕೋಡ್ ಬ್ಲೂ ಅಭ್ಯಾಸ ಮಾಡುವ ಹಾಗೆ. ಇವರು ಮೇಜಿನ ಮೇಲೆ ತಲೆ ಇಟ್ಟು ಬಿದ್ದ ಹಾಗೆ ನಟಿಸಿದರು. ಮಗ ಅಡುಗೆಮನೆಯಿಂದ ಓಡಿ ಬಂದು ಅಪ್ಪನನ್ನು ಮುಟ್ಟದೆ ಗುಂಡಿ ಒತ್ತಿದ, 999ಕ್ಕೆ ಫೋನ್ ಮಾಡುವ ಹಾಗೆ ಮಾಡಿದ, ನನ್ನನ್ನು ಕೂಗಿದ. ಗುಂಡಿ ಒತ್ತಲು ಹಿಡಿದದ್ದು ಆರು ಸೆಕೆಂಡು. ಅವನು ನಗುತ್ತಿದ್ದ, ಅವನಿಗೆ ಅದು ಆಟ. ನಾನು ಆ ಆರು ಸೆಕೆಂಡನ್ನು ಎರಡೆರಡು ಸಲ ಎಣಿಸಿದೆ.

ಈ ವಿಷಯ ಚಿಕ್ಕಪ್ಪನ ಮಗನಿಗೂ ಹೇಳಿದ್ದೆ. ಈಗ ತೋಟ ನೋಡಿಕೊಳ್ಳುವವನು ಅವನೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪಂಪಿನ ಲೈನಿಗೆ ನಾಲ್ಕು ಪೋಲಿನ ಆರ್‌ಸಿಸಿಬಿ ಹಾಕಿಸಿದ್ದಾನೆ, ಹೊಸ ಅರ್ಥಿಂಗ್ ಮಾಡಿಸಿದ್ದಾನೆ. ಪಂಪನ್ನು ಆಫ್ ಮಾಡುವ ಒಂದು ಸ್ವಿಚ್ಚು ಈಗ ಮನೆಯ ಹಿತ್ತಲ ಬಾಗಿಲಲ್ಲೇ ಇದೆ. ಕೆಂಪು ಪೇಂಟು, ಮೇಲೆ ದೊಡ್ಡದಾಗಿ ‘ಪಂಪು’ ಅಂತ. ಚಿಕ್ಕಮ್ಮ ದಿನಾ ಅದರ ಮುಂದೆ ಹಾದುಹೋಗುತ್ತಾರೆ.

ಊರಿನಲ್ಲಿರುವ ನಿಮ್ಮೆಲ್ಲರಲ್ಲಿ ಒಂದು ಕೇಳಿಕೆ. ಮೇಜು ಮಾಡಿ ಅಂತ ಹೇಳುತ್ತಿಲ್ಲ. ಈ ಭಾನುವಾರ ಕಾಲು ಗಂಟೆ ಕೊಡಿ. ಹಗಲು ಬೆಳಕಿನಲ್ಲಿ ಮನೆಯ ಮೇನ್ ಬೋರ್ಡಿನ ಒಂದೊಂದೇ ಸ್ವಿಚ್ ಆಫ್ ಮಾಡಿ, ಏನೇನು ಆರಿತು ನೋಡಿ, ಅದರ ಪಕ್ಕ ದಪ್ಪ ಪೆನ್ನಿನಲ್ಲಿ ಬರೆಯಿರಿ. ಮನೆಯ ಎಲ್ಲರಿಗೂ ತೋರಿಸಿ, ಅಜ್ಜಿಗೂ, ಎರಡನೇ ಕ್ಲಾಸಿನ ಮೊಮ್ಮಗಳಿಗೂ, ಕೆಲಸಕ್ಕೆ ಬರುವವರಿಗೂ. ಕೈಗೆ ಎಟುಕದಿದ್ದರೆ ಕೆಳಗೆ ಒಂದು ಸ್ಟೂಲ್ ಇಡಿ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಆಫ್, ಆಮೇಲೆ ಮುಟ್ಟುವುದು, ಆಮೇಲೆ 108. ಆಫ್ ಮಾಡಲು ಸಾಧ್ಯವೇ ಇಲ್ಲದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿ ದೂಡಿ. ಹೊರಗೆ ಕಂಬದ ತಂತಿ ಬಿದ್ದಿದ್ದರೆ ಮಾತ್ರ ಕೋಲೂ ಬೇಡ, ಹತ್ತಿರವೂ ಬೇಡ, ಲೈನ್‌ಮನ್‌ಗೆ ಫೋನ್.

ಬರೆದ ಬೋರ್ಡಿನ ಫೋಟೋ ಕೆಳಗೆ ಕಾಮೆಂಟಿನಲ್ಲಿ ಹಾಕಿ. ಅಕ್ಷರ ಸೊಟ್ಟ ಇದ್ದರೆ ಚಿಂತೆ ಇಲ್ಲ, ದೊಡ್ಡದಿದ್ದರೆ ಸಾಕು. ಹೆಚ್ಚು ಫೋಟೋ ಬಂದ ಕೇರಿಗೆ ಮುಂದಿನ ರಜೆಯಲ್ಲಿ ಇಲ್ಲಿಯ ಖರ್ಜೂರದ ಡಬ್ಬಿ ನನ್ನ ಕಡೆಯಿಂದ.

ನಾಳೆಯಿಂದ ನಾಲ್ಕು ನೈಟ್ ಡ್ಯೂಟಿ. ಕಾಮೆಂಟುಗಳಿಗೆ ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.